ದಿಲ್ಲಿ ಇದೆ, ಲಿಸ್ಬನ್ ಇದೆ, ಗೋವಾ ಎಲ್ಲಿ?

ಗೋವಾದ ವಾಸ್ಕೋ ಊರಿನ ಮಿತ್ರರೇ, ನಮಸ್ಕಾರ.

ನೀವು ಕಳಿಸಿದ 'ಗೋವಾ ಯುದ್ಧದ ಅಸಲಿ ಕಾರಣ' ಲೇಖನ ಓದಿದೆ. ಈಗಿರುವ ಹಾಗೆ ಇದನ್ನು ಹಾಕಿಕೊಳ್ಳಲು ಆಗುವುದಿಲ್ಲ. ಮೊದಲೇ ಹೇಳಿಬಿಟ್ಟೆ, ಸುಮ್ನೆ ಕಾಯಿಸುವುದು ಬೇಡ ಅಂತ. ನಿಮ್ಮ ಹೆಸರು ಬಿಟ್ಟು ಉತ್ತರವನ್ನು ಈ ಅಂಕಣದಲ್ಲೇ ಕೊಡುತ್ತಿದ್ದೇನೆ. ಡಿಸೆಂಬರ್ ಹತ್ತಿರ ಬಂದರೆ ಇದೇ ಥರದ ಲೇಖನಗಳು ನಮ್ಮ ಮುಂಬಯಿ ಕಚೇರಿಗೆ ಬರುತ್ತವೆ. ಅವರಿಗೂ ಉಪಯೋಗವಾಗಲಿ.

ಓದುಗರಿಗಾಗಿ ನಿಮ್ಮ ವಾದ ಇಷ್ಟು. 1961ರ ಡಿಸೆಂಬರಿನಲ್ಲಿ ಭಾರತ ಪೋರ್ಚುಗೀಸರ ಕೈಯಲ್ಲಿದ್ದ ಗೋವಾಕ್ಕೆ ಸೈನ್ಯ ಕಳಿಸಿದ್ದು ಬಿಡುಗಡೆಯ ಹೆಸರಲ್ಲಿ. ನಿಜವಾದ ಉದ್ದೇಶ 1962ರ ಫೆಬ್ರವರಿಯ ಚುನಾವಣೆಯಲ್ಲಿ ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಅವರನ್ನು ಗೆಲ್ಲಿಸುವುದು. ಜೊತೆಗೆ, 'ಗೋವಾದ ಜನರಿಗೆ ಈ ಯುದ್ಧ ಬೇಕೇ ಇರಲಿಲ್ಲ.'

ಚುನಾವಣೆಯ ಮಾತು ನಿಮ್ಮ ಶೋಧ ಅನ್ನುವಂತೆ ಬರೆದಿದ್ದೀರಿ. ಅದು ಆಗಲೇ ವಿದೇಶಿ ಪತ್ರಿಕೆಗಳಲ್ಲಿ ಬಂದಿತ್ತು. ಹಳೇ ವಾದವನ್ನು ಮತ್ತೆ ಎತ್ತಬಾರದು ಅಂತೇನಿಲ್ಲ, ಆದರೆ ಹೊಸ ಪುರಾವೆ ಬೇಕು. ನೀವು ಕೊಟ್ಟಿರುವುದು ಎರಡು ತಾರೀಖುಗಳು ಹತ್ತಿರ ಹತ್ತಿರ ಇವೆ ಅನ್ನುವುದನ್ನು ಮಾತ್ರ. ಮೆನನ್ ಆಗ ನಿಂತದ್ದು ಇಲ್ಲೇ, ಉತ್ತರ ಮುಂಬಯಿಯಲ್ಲಿ. ಎದುರಾಳಿ ಆಚಾರ್ಯ ಕೃಪಲಾನಿ. ಇದೇ ಕ್ಷೇತ್ರದಲ್ಲಿ ಮೆನನ್ 1957ರಲ್ಲೂ ಗೆದ್ದಿದ್ದರು, ಆಗ ಯಾವ ಗೋವಾನೂ ಕೈಯಲ್ಲಿರಲಿಲ್ಲ. ಇದು ನಿಮ್ಮ ಲೇಖನದಲ್ಲಿಲ್ಲ.

ಇನ್ನೂ ಏನೇನು ಬಿಟ್ಟಿದ್ದೀರಿ ನೋಡಿ. 1955ರ ಆಗಸ್ಟ್ 15ರಂದು ಗಡಿ ದಾಟಿದ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿದರು, ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಭಾರತ ಗಡಿ ಮುಚ್ಚಿತು. ಕ್ಯಾಸಲ್‌ರಾಕಿನಿಂದ ಗೋವಾಕ್ಕೆ ಇಳಿಯುತ್ತಿದ್ದ ರೈಲು ನಿಂತಿತು. 1961ರ ಅಕ್ಟೋಬರಿನಲ್ಲಿ ಆಫ್ರಿಕದ ನಾಯಕರು ದಿಲ್ಲಿಗೆ ಬಂದು, ನೀವು ಇನ್ನೂ ಎಷ್ಟು ದಿನ ಕಾಯುತ್ತೀರಿ ಅಂತ ನೆಹರೂ ಸರ್ಕಾರವನ್ನು ಒತ್ತಾಯಿಸಿದರು. ಯಾಕೆ ಮಾಡಿದರು ಅನ್ನುವುದು ಒಂದು ಪ್ರಶ್ನೆ. ಆಗಲೇ ಯಾಕೆ ಮಾಡಿದರು ಅನ್ನುವುದು ಇನ್ನೊಂದು. ಚುನಾವಣೆ ಎರಡನೆಯದಕ್ಕೆ ಒಂದಿಷ್ಟು ಉತ್ತರ ಆದೀತು. ಮೊದಲನೆಯದಕ್ಕೆ ಅದು ಸಾಲದು. ನೀವು ಎರಡನ್ನೂ ಕಲಸಿಬಿಟ್ಟಿದ್ದೀರಿ.

ನಿಮ್ಮ ಅನುಮಾನವೂ ಒಂದೇ ಕಡೆಗೆ. ದಿಲ್ಲಿಯ ಉದ್ದೇಶ ಕೆದಕುವವರು ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್‌ನ ಉದ್ದೇಶವನ್ನೂ ಕೆದಕಬೇಕು, ಅಲ್ವಾ? ಅಷ್ಟು ಚಿಕ್ಕ ನೆಲಕ್ಕೆ ಅಲ್ಲಿನ ಸರ್ವಾಧಿಕಾರಿ ಸಲಜಾರ್ ಯಾಕೆ ಅಷ್ಟು ಅಂಟಿಕೊಂಡ? 1961ರಲ್ಲೇ ಆಫ್ರಿಕದ ಪೋರ್ಚುಗೀಸ್ ವಸಾಹತು ಅಂಗೋಲಾದಲ್ಲಿ ಬಂಡಾಯ ಶುರುವಾಗಿತ್ತು. ಗೋವಾ ಬಿಟ್ಟರೆ ನಾಳೆ ಅದನ್ನೂ ಬಿಡಬೇಕಾಗುತ್ತದೆ ಅನ್ನುವ ಹೆದರಿಕೆ ಇತ್ತು. ಮೂರು ಸಾವಿರ ಚಿಲ್ಲರೆ ಸೈನಿಕರಿಗೆ 'ಗೆಲ್ಲಿ, ಇಲ್ಲ ಸಾಯಿರಿ' ಅನ್ನುವ ಅರ್ಥದ ಆಜ್ಞೆ ಕಳಿಸಿದ. ಗವರ್ನರ್ ಜನರಲ್ ವಾಸಾಲೊ ಇ ಸಿಲ್ವಾ ಅದನ್ನು ಪಾಲಿಸದೆ ಡಿಸೆಂಬರ್ 19ರ ರಾತ್ರಿ ಶರಣಾದರು. ಊರಿಗೆ ಹೋದ ಮೇಲೆ ಅವರನ್ನು ಸೈನ್ಯದಿಂದಲೇ ಹೊರಹಾಕಿದರು. 1980ರಲ್ಲಿ ಅದೇ ಮನುಷ್ಯ ಗೋವಾ ನೋಡಲು ಬಂದಾಗ ಅಲ್ಲಿನವರು ಆದರದಿಂದಲೇ ಕಂಡರು. 'ಜನ ಹೇಗೆ ನೋಡಿದರು' ಅನ್ನುವುದು ನಿಮ್ಮ ವಿಷಯವಾದರೆ ಇದೊಂದು ಪ್ರಸಂಗವೇ ಎರಡು ಪುಟಕ್ಕೆ ಸಾಕು.

ಅಂಜುದೀವ ದ್ವೀಪವನ್ನು ನೀವು ಒಂದು ಸಾಲಿನಲ್ಲಿ ಮುಗಿಸಿದ್ದೀರಿ: 'ಅಂಜುದೀವದ ನೆಪ ಮಾಡಿಕೊಂಡು...' ಕನ್ನಡ ಲೇಖಕರು ಇಲ್ಲಿ ಇಷ್ಟು ಅವಸರ ಮಾಡಬಾರದು. ಅದು ಕಾರವಾರದ ಎದುರಿಗಿರುವ ದ್ವೀಪ. ನವೆಂಬರ್ 17ರಂದು 'ಸಾಬರಮತಿ' ಅನ್ನುವ ಹಡಗು ದ್ವೀಪಕ್ಕೂ ದಡಕ್ಕೂ ನಡುವೆ ಹೋಗುತ್ತಿದ್ದಾಗ ಅಲ್ಲಿದ್ದ ಪೋರ್ಚುಗೀಸ್ ತುಕಡಿ ಗುಂಡು ಹಾರಿಸಿತು. ಕೆಲವೇ ದಿನಗಳಲ್ಲಿ ಮೀನಿನ ದೋಣಿಯ ಮೇಲೂ ಗುಂಡು ಬಿತ್ತು, ಒಬ್ಬ ಮೀನುಗಾರ ಸತ್ತ. ದಿಲ್ಲಿಗೆ ಇದು ನೆಪ ಆಗಿರಬಹುದು. ದಡದಲ್ಲಿ ಬಲೆ ಒಣಹಾಕಿಕೊಂಡು, ನಾಳೆ ದೋಣಿ ಇಳಿಸುವುದೋ ಬೇಡವೋ ಅಂತ ಲೆಕ್ಕ ಹಾಕುತ್ತಿದ್ದ ಮನೆಗಳಿಗೆ ಇದು ನೆಪವೇ? ಒಂದೇ ಘಟನೆ ಎರಡು ಕಡೆಯಿಂದ ಹೀಗೆ ಬೇರೆ ಬೇರೆ ಕಾಣುವುದನ್ನೇ ತಾನೇ ನೀವು ಬರೆಯಲು ಹೊರಟದ್ದು? ದ್ವೀಪ ಹಿಡಿಯಲು ಹೋದ ನಮ್ಮ ನೌಕಾಪಡೆಯ 7 ಮಂದಿ ಅಲ್ಲೇ ಸತ್ತರು. ಅದೂ ಬಿಟ್ಟುಹೋಗಿದೆ.

ಇನ್ನು ಜನರ ವಿಚಾರ. ಇಲ್ಲೇ ನನಗೆ ಜಾಸ್ತಿ ತಕರಾರು. 'ಗೋವಾದ ಜನ ಮೂಕಪ್ರೇಕ್ಷಕರಾಗಿ ನೋಡುತ್ತಿದ್ದರು' ಅಂತ ಬರೆದಿದ್ದೀರಿ. ಯಾವ ಜನ? ಎಲ್ಲಿಂದ ನೋಡಿದರು? ನೀವಿರುವ ವಾಸ್ಕೋದ ತಲೆಯ ಮೇಲೇ ದಾಬೋಳಿ ವಿಮಾನ ನಿಲ್ದಾಣ. ಡಿಸೆಂಬರ್ 18ರ ಬೆಳಿಗ್ಗೆ ಅದರ ರನ್‌ವೇ ಮೇಲೆ ಬಾಂಬು ಬಿತ್ತು. ಆ ರಾತ್ರಿ ಎರಡು ವಿಮಾನಗಳು ಒಡೆದ ರನ್‌ವೇಯಿಂದಲೇ ಎದ್ದು ಕರಾಚಿ ಸೇರಿದವು. ಆ ಸದ್ದು ಕೇಳಿದ ಹಿರಿಯರು ನಿಮ್ಮ ಊರಲ್ಲಿ ಇನ್ನೂ ಒಬ್ಬಿಬ್ಬರಾದರೂ ಸಿಗಬಹುದು. ನೀವು ಅವರನ್ನು ಹುಡುಕಿಲ್ಲ. ಮಡಗಾಂವಿನ ಹಳೇ ಮನೆಯ ಜಗಲಿಯಲ್ಲಿ ಕೂತ ಒಬ್ಬ ಯಜಮಾನರ ಮಾತು ಕೇಳಿ ಇಡೀ ಗೋವಾದ ಹೆಸರಲ್ಲಿ ತೀರ್ಪು ಕೊಟ್ಟಿದ್ದೀರಿ.

ಆ ಯಜಮಾನರ ಮಾತು ಸುಳ್ಳು ಅನ್ನುತ್ತಿಲ್ಲ. ಗಡಿ ಮುಚ್ಚಿದಾಗಲೂ ಅದಿರಿನ ದುಡ್ಡಿನಿಂದ ಹಾಲೆಂಡಿನ ಆಲೂಗಡ್ಡೆ, ಜಪಾನಿನ ಸಿಮೆಂಟು ಬರುತ್ತಿತ್ತು. ಅಂಥ ಮನೆಯವರಿಗೆ ಆ ಕಾಲ ಸುಖವಾಗಿಯೇ ಕಂಡಿರುತ್ತದೆ. ಆದರೆ ಅದೇ ಕಾಲದಲ್ಲಿ ಮದುವೆ ಕರೆಯೋಲೆ ಅಚ್ಚು ಹಾಕಿಸಲೂ ಸೆನ್ಸಾರ್ ಒಪ್ಪಿಗೆ ಬೇಕಿತ್ತು. ಉತ್ತರ ಗೋವಾದ ಪೆಡ್ಣೆಯಲ್ಲಿ ಗೇಣಿಗೆ ಉಳುತ್ತಿದ್ದವರನ್ನು ಕೇಳಿದ್ದರೆ ಬೇರೆ ಕಥೆ ಸಿಗುತ್ತಿತ್ತು. ಇದನ್ನು ಕ್ರಿಶ್ಚಿಯನ್, ಹಿಂದೂ ಅಂತ ಹಂಚಿಬಿಡಲೂ ಹೋಗಬೇಡಿ, ನಿಮ್ಮ ಒಂಬತ್ತನೇ ಪುಟದಲ್ಲಿ ಆ ಕಡೆ ಜಾರಿದ್ದೀರಿ. ಲಿಬಿಯಾ ಲೋಬೋ, ವಾಮನ ಸರದೇಸಾಯಿ ಇಬ್ಬರೂ ಸೇರಿ ಗಡಿಯ ಕಾಡಿನಿಂದ ಗೋವಾದ ಬಿಡುಗಡೆಗಾಗಿ ವರ್ಷಗಟ್ಟಲೆ ಗುಪ್ತ ರೇಡಿಯೋ ನಡೆಸಿದರು. ಗೋವಾದ ಹೋರಾಟಗಾರ ಟಿ.ಬಿ. ಕುನ್ಹಾ ಅವರನ್ನು ಸೆರೆಹಿಡಿದು ಪೋರ್ಚುಗಲ್ಲಿಗೇ ಸಾಗಿಸಿದ್ದರು. 1946ರ ಜೂನ್ 18ರಂದು ಮಡಗಾಂವಿನಲ್ಲಿ ಸಮಾಜವಾದಿ ನಾಯಕ ಲೋಹಿಯಾ ಭಾಷಣಕ್ಕೆ ನಿಂತಾಗ ಪಕ್ಕದಲ್ಲಿದ್ದವರು ಗೋವಾದ ಡಾಕ್ಟರ್ ಜೂಲಿಯಾವ್ ಮೆನೆಜಿಸ್.

ಇನ್ನೊಂದು ತೊಡಕಿದೆ. ಇವತ್ತು ನೀವು 1961ರ ಬಗ್ಗೆ ಕೇಳಿದರೆ ಜನ ಹೇಳುವುದು ಬರೀ 1961ರ ಮಾತಲ್ಲ. ಆಮೇಲೆ ಆದದ್ದೆಲ್ಲ ಅದರೊಳಗೆ ಸೇರಿಕೊಂಡಿರುತ್ತದೆ: ಜಮೀನಿನ ರೇಟು, ಕ್ಯಾಸಿನೋ, ಗಣಿ, ಹೊರಗಿನವರು. ನೀವು ಕನ್ನಡದವರು ಅಂತ ಗೊತ್ತಾದರೆ ಮಾತು ಸೀದಾ ಮಹದಾಯಿಗೆ ಹೋಗುತ್ತದೆ, ಅದು ಬೇರೆ ವಿಷಯ! ಹಾಗಾಗಿ ಯಾರು, ಎಷ್ಟು ವಯಸ್ಸು, ಆಗ ಎಲ್ಲಿದ್ದರು, ಕಣ್ಣಾರೆ ಕಂಡದ್ದೋ ಅಪ್ಪ ಹೇಳಿದ್ದೋ, ಇಷ್ಟನ್ನೂ ಬರೆದುಕೊಳ್ಳಿ. ಮಾತಿನ ಜೊತೆಗೇ ಅದನ್ನೂ ಅಚ್ಚು ಹಾಕೋಣ.

ಜನರ ಮನಸ್ಸು ತಿಳಿಯಲು ನೆನಪನ್ನೇ ನಂಬಬೇಕಾಗಿಲ್ಲ, ವೋಟಿನ ಲೆಕ್ಕವೂ ಇದೆ. 1963ರ ಮೊದಲ ಚುನಾವಣೆಯಲ್ಲಿ ಗೇಣಿದಾರರು, ಬಡವರು ದಯಾನಂದ ಬಾಂದೋಡ್ಕರ್ ಅವರ ಪಕ್ಷಕ್ಕೆ ವೋಟು ಹಾಕಿದರು. ಆ ಪಕ್ಷಕ್ಕೆ ಗೋವಾ ಮಹಾರಾಷ್ಟ್ರಕ್ಕೆ ಸೇರಬೇಕಿತ್ತು. ಆದರೆ 1967ರ ಜನವರಿ 16ರ ಜನಮತದಲ್ಲಿ ಇದೇ ಗೋವಾ 34,021 ವೋಟಿನ ಅಂತರದಿಂದ 'ಬೇಡ, ನಾವು ಬೇರೆಯಾಗಿಯೇ ಇರುತ್ತೇವೆ' ಅಂದಿತು. ಪೋರ್ಚುಗೀಸರು ಹೋದದ್ದಕ್ಕೆ ಖುಷಿಪಟ್ಟವರೇ ಮಹಾರಾಷ್ಟ್ರದ ಹೊಟ್ಟೆಗೆ ಹೋಗಲು ಒಪ್ಪಲಿಲ್ಲ. 'ಬೇಕೇ ಇರಲಿಲ್ಲ' ಅನ್ನುವ ನಿಮ್ಮ ಎರಡು ಪದದಲ್ಲಿ ಇದು ಹೇಗೆ ಹಿಡಿಸುತ್ತದೆ?

ಪತ್ರದಲ್ಲಿ ನಿಮ್ಮ ಅಜ್ಜ ಬಾಗಲಕೋಟೆ ಕಡೆಯಿಂದ ಮುರ್ಮಗೋವಾ ಬಂದರಿನ ಕೂಲಿಗೆ ಬಂದರು, ಅದು 61 ಆದ ಮೇಲೆ ಅಂತ ಬರೆದಿದ್ದೀರಿ. ಲೇಖನದಲ್ಲಿ ಅದರ ಸುಳಿವೂ ಇಲ್ಲ. ಗಡಿ ತೆರೆಯದಿದ್ದರೆ ಆ ಕೂಲಿ ಇರಲಿಲ್ಲ, 'ಘಾಂಟಿ' (ಘಟ್ಟದ ಮೇಲಿನವ) ಅಂತ ಹೀಯಾಳಿಸಿಕೊಳ್ಳುವುದೂ ಇರಲಿಲ್ಲ. ಈ ಯುದ್ಧದಿಂದ ಲಾಭ ಪಡೆದವರಲ್ಲಿ ನಿಮ್ಮ ಮನೆಯೂ ಒಂದು. ಅದನ್ನು ಬಚ್ಚಿಟ್ಟು ನ್ಯಾಯಾಧೀಶರ ದನಿಯಲ್ಲಿ ಬರೆದರೆ ಓದುಗರಿಗೆ ಅನುಮಾನ ಬರುತ್ತದೆ. ಒಂದು ಪ್ಯಾರಾದಲ್ಲಿ ಹೇಳಿ ಮುಂದೆ ಹೋಗಿ. ಕಣ್ಣೀರು ಬೇಡ.

ಭಾಷೆ ಚೆನ್ನಾಗಿದೆ. 'ಸಾಮ್ರಾಜ್ಯಶಾಹಿ ಷಡ್ಯಂತ್ರ' ಥರದ ಪದಗಳನ್ನು ಹೊಡೆದುಹಾಕಿದ್ದೇನೆ. ಶರಣಾಗತಿಯ ಫೋಟೋ ಇಂಟರ್ನೆಟ್ಟಿನಿಂದ ತೆಗೆದದ್ದು, ಅದನ್ನು ನಾವು ಬಳಸುವ ಹಾಗಿಲ್ಲ.

ಹದಿನಾಲ್ಕು ಪುಟ ಎಂಟಕ್ಕೆ ಇಳಿಯಲಿ. ಮೆನನ್ ಒಂದು ಪುಟ ಸಾಕು, ಅಂಜುದೀವಕ್ಕೆ ಎರಡು ಕೊಡಿ. ಡಿಸೆಂಬರ್ 19ಕ್ಕೇ ಬರಬೇಕು ಅಂತ ಓಡಬೇಡಿ, ಆ ವಾರ ಎಲ್ಲರೂ ಇದನ್ನೇ ಬರೆಯುತ್ತಾರೆ. ಜನಮತದ ದಿನ ಜನವರಿ 16, ಆ ಸಂಚಿಕೆಗೆ ಜಾಗ ಇಟ್ಟುಕೊಂಡಿರುತ್ತೇನೆ. ಹೊಸ ವರ್ಷದ ಮೊದಲ ವಾರದೊಳಗೆ ನನ್ನ ಕೈಸೇರಲಿ.

ಇಂತಿ,
ಸಂಪಾದಕ