ಪ್ರತಿಕ್ರಿಯೆ: ಕಾರಣ ಹೇಳದಿದ್ದರೂ ಸುಮ್ನೆ ನಂಬಬೇಕಾ?

ಮಂಗಳೂರು ಕಡೆಯ ನಿಮ್ಮ ಚರ್ಚಿನ ಫಾದರ್‌ಗೆ ದಿಢೀರ್ ವರ್ಗಾವಣೆ ಆಗಿದೆ, ಸಭಾಭವನದ ಕೆಲಸವೂ ಅರ್ಧಕ್ಕೇ ನಿಂತಿದೆ, ಕೇಳಿದರೆ 'ಬಿಷಪ್ ನಿರ್ಧಾರ, ನಂಬಿ' ಅಂತಾರೆ ಎಂದು ಬರೆದಿದ್ದೀರಿ. ಇವೆರಡನ್ನೂ ಒಂದಕ್ಕೊಂದು ಗಂಟು ಹಾಕಬೇಡಿ.

ವರ್ಗಾವಣೆಗೆ ಆರೋಗ್ಯ, ಮನೆ ವಿಷಯ, ಯಾರದೋ ಮಾನದ ಪ್ರಶ್ನೆ, ಏನೂ ಇರಬಹುದು. ಎಲ್ಲರೆದುರು ಹೇಳೋಕಾಗಲ್ಲ. ಅಲ್ಲಿ ನಾನಾದರೆ ನಂಬಿ ಸ್ವಲ್ಪ ಕಾಯುತ್ತೇನೆ.

ಸಭಾಭವನದ ದುಡ್ಡಿನ ವಿಷಯ ಹಾಗಲ್ಲ. 1983ರ ಕ್ಯಾನನ್ ಕಾನೂನಿನ (ಕ್ಯಾಥೊಲಿಕ್ ಚರ್ಚಿನ ಸ್ವಂತ ಕಾನೂನು) 537ನೇ ವಿಧಿ ಪ್ರಕಾರ ಪ್ರತಿ ಧರ್ಮಕೇಂದ್ರದಲ್ಲೂ (ಅಂದರೆ ನಿಮ್ಮಂಥ ಪ್ರತಿ ಊರಿನ ಚರ್ಚಿನಲ್ಲೂ) ಹಣಕಾಸು ಸಮಿತಿ ಇರಲೇಬೇಕು. 1287ನೇ ವಿಧಿ ಇನ್ನೂ ಮುಖ್ಯ: ಭಕ್ತರು ಕೊಟ್ಟದ್ದರ ಲೆಕ್ಕವನ್ನು ಸ್ಥಳೀಯ ನಿಯಮದಂತೆ ಭಕ್ತರಿಗೇ ಒಪ್ಪಿಸಬೇಕು. ಗೌರವದಿಂದ ಅಭಿಪ್ರಾಯ ಹೇಳುವುದು ನಿಮ್ಮ ಹಕ್ಕು, ಕೆಲವೊಮ್ಮೆ ಕರ್ತವ್ಯ ಕೂಡ ಅನ್ನುತ್ತದೆ 212ನೇ ವಿಧಿ. (ಇದನ್ನು ಮಾತ್ರ ಚರ್ಚಿನ ಪ್ರವಚನದಲ್ಲಿ ಯಾರೂ ಹೇಳೋದಿಲ್ಲ, ಅಲ್ವಾ!)

ಚರ್ಚಿನಲ್ಲಿ ನಿಮ್ಮ ವಾರ್ಡಿನ ಮುಖ್ಯಸ್ಥರಾದ ಗುರಿಕಾರರ ಮೂಲಕ ಪಾಲನಾ ಮಂಡಳಿಗೆ (ಫಾದರ್ ಜೊತೆ ಕೆಲಸ ಮಾಡುವ ಭಕ್ತರ ಸಮಿತಿಗೆ) ಒಂದು ಪತ್ರ ಕೊಡಿ. ಎಷ್ಟು ಸಂಗ್ರಹವಾಯಿತು, ಎಷ್ಟು ಖರ್ಚಾಯಿತು, ಉಳಿದದ್ದು ಯಾವ ಖಾತೆಯಲ್ಲಿದೆ? ಅಷ್ಟೇ ಸಾಕು. 'ಫಾದರನ್ನು ಯಾಕೆ ಕಳಿಸಿದಿರಿ' ಅನ್ನೋದನ್ನೂ ಅದರಲ್ಲೇ ತುರುಕಿದರೆ ಉತ್ತರ ಕೊಡದಿರಲು ನೆಪ ಸಿಗುತ್ತದೆ. ಜವಾಬು ಬಾರದಿದ್ದರೆ ಅದೇ ಪತ್ರದ ಪ್ರತಿಯನ್ನು ಬಿಷಪ್ ಕಚೇರಿಗೆ ಕೊಟ್ಟು, ತಲುಪಿದ್ದಕ್ಕೆ ಸೀಲು ಹಾಕಿಸಿಕೊಳ್ಳಿ.

ಆದರೆ ವರ್ಗಾವಣೆಯ ಹಿಂದೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಮಾತೇನಾದರೂ ನಿಮಗೆ ಗೊತ್ತಾದರೆ ಪತ್ರ, ಮಂಡಳಿ ಅಂತ ಕೂರಬೇಡಿ. 2012ರ ಪೋಕ್ಸೋ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ಅದಕ್ಕೆ ಯಾವ ಬಿಷಪ್ ಅನುಮತಿಯೂ ಬೇಕಿಲ್ಲ.