ಪದೇ ಪದೇ ಜಾರುವ ದವಡೆ: ಚುಚ್ಚಿದ ಮೇಲಿನ ಪಥ್ಯವೇ ಚಿಕಿತ್ಸೆ

ದವಡೆ ಕೀಲಿನ ಬಗ್ಗೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ದೂರು ಮತ್ತೆ ಮತ್ತೆ ಕಾಣುತ್ತದೆ: ‘ರಕ್ತದ ಇಂಜೆಕ್ಷನ್ ಮಾಡಿಸಿದೆ, ಪ್ರಯೋಜನವಾಗಲಿಲ್ಲ.’ ಈ ಬಾರಿ ಬಹುಪಾಲು ಜಾಗವನ್ನು ಅದಕ್ಕೇ ಕೊಡುತ್ತಿದ್ದೇನೆ.

ಪ್ರಶ್ನೆ: ನಾನು 31 ವರ್ಷದ ಶಿಕ್ಷಕಿ. ಆಕಳಿಸಿದಾಗ, ಜೋರಾಗಿ ನಕ್ಕಾಗ ದವಡೆ ಜಾರಿ ಬಾಯಿ ತೆರೆದಲ್ಲೇ ನಿಂತುಬಿಡುತ್ತದೆ. ನಾಲ್ಕು ತಿಂಗಳಲ್ಲಿ ಐದು ಸಲ ಆಸ್ಪತ್ರೆಗೆ ಹೋಗಿ ಕೂರಿಸಿಕೊಂಡು ಬಂದಿದ್ದೇನೆ. ಕೊನೆಗೆ ನನ್ನದೇ ರಕ್ತ ತೆಗೆದು ಎರಡೂ ಕೀಲುಗಳಿಗೆ ಚುಚ್ಚಿದರು. ಮೂರನೆಯ ದಿನದಿಂದ ಪಾಠ ಮಾಡಲು ಹೋದೆ. ಹನ್ನೆರಡನೆಯ ದಿನ ಮತ್ತೆ ಜಾರಿತು. ಈ ಚಿಕಿತ್ಸೆ ಬರೀ ಮೋಸವೇ? ಆಪರೇಷನ್ ಮಾಡಿಸಿಬಿಡಲೇ?

ಉತ್ತರ: ಚಿಕಿತ್ಸೆ ಮೋಸವಲ್ಲ. ನಿಮ್ಮ ಪತ್ರದಲ್ಲಿ ನನಗೆ ಸಿಟ್ಟು ತರಿಸಿದ ಮಾತು ‘ಮೂರನೆಯ ದಿನದಿಂದ ಪಾಠ’ ಎಂಬುದು. ಆ ಸಿಟ್ಟು ನಿಮ್ಮ ಮೇಲಲ್ಲ. ಹಾಗೆ ಹೋಗಬಾರದೆಂದು ಹೇಳದೆ ನಿಮ್ಮನ್ನು ಮನೆಗೆ ಕಳಿಸಿದವರ ಮೇಲೆ.

ಬಾಯಿ ತೆರೆದಾಗ ಕೆಳದವಡೆಯ ಗುಂಡಗಿನ ತುದಿ ಮುಂದಿರುವ ಮೂಳೆಯ ಉಬ್ಬಿನವರೆಗೆ ಜಾರುವುದು ಸಹಜ. ಅದು ಉಬ್ಬನ್ನು ದಾಟಿ, ಸ್ನಾಯುಗಳ ಬಿಗಿತಕ್ಕೆ ಸಿಕ್ಕಿ ಹಿಂದಕ್ಕೆ ಬರಲಾಗದೆ ನಿಲ್ಲುವುದನ್ನೇ ಕೀಲು ತಪ್ಪುವುದು ಎನ್ನುತ್ತೇವೆ. ಹಾಗೆ ದಾಟಿದಷ್ಟು ಸಲವೂ ಕೀಲನ್ನು ಸುತ್ತಿರುವ ಚೀಲ ಇನ್ನಷ್ಟು ಸಡಿಲವಾಗುತ್ತದೆ. ಐದು ಸಲ ತಪ್ಪಿದ ಕೀಲು ಆರನೆಯ ಸಲ ತಪ್ಪಲು ದೊಡ್ಡ ಆಕಳಿಕೆಯೇ ಬೇಕಾಗಿಲ್ಲ. ರಕ್ತ ಚುಚ್ಚುವುದರ ಉದ್ದೇಶ ಈ ಸಡಿಲವಾದ ಚೀಲದಲ್ಲಿ ಬೇಕೆಂದೇ ಸಣ್ಣ ಉರಿಯೂತವನ್ನು ಉಂಟುಮಾಡಿ, ಅದು ಮಾಯುವಾಗ ಗಾಯದ ಕಲೆಯಂಥ ನಾರುಗಟ್ಟು ಬೆಳೆದು ಕೀಲಿನ ಓಡಾಟ ತುಸು ಕಡಿಮೆಯಾಗುವಂತೆ ಮಾಡುವುದು. ಇದು ನಿನ್ನೆ ಮೊನ್ನೆಯ ಪ್ರಯೋಗವಲ್ಲ. ಬ್ರಾಖ್ಮನ್ ಎಂಬವರು 1964ರಲ್ಲೇ ಜರ್ಮನ್ ದಂತವೈದ್ಯಕೀಯ ಪತ್ರಿಕೆಯಲ್ಲಿ ಇದನ್ನು ವರದಿ ಮಾಡಿದ್ದರು.

ಮಾಡುವ ಕ್ರಮವೂ ಸರಳವೇ. ಕಿವಿಯ ಮುಂಭಾಗವನ್ನು ಮರಗಟ್ಟಿಸಿ, ಕಿವಿಯ ಎದುರಿನ ಮೃದ್ವಸ್ಥಿಯಿಂದ ಕಣ್ಣಿನ ಹೊರಮೂಲೆಗೆ ಒಂದು ಗೆರೆ ಎಳೆದು, ಆ ಗೆರೆಯ ಮೇಲೆ ಸುಮಾರು 10 ಮಿ.ಮೀ. ಮುಂದೆ, 2 ಮಿ.ಮೀ. ಕೆಳಗೆ ಸೂಜಿ ಇಳಿಸುತ್ತೇವೆ. ಕೀಲು ತೊಳೆಯಲು ಬಿಡುವ ರಿಂಗರ್ ಲ್ಯಾಕ್ಟೇಟ್ ಎಂಬ ಲವಣದ ದ್ರವ ಒಳಹೊಕ್ಕೊಡನೆ ಕೆಳದವಡೆ ಕೂದಲೆಳೆಯಷ್ಟು ಅಲುಗುತ್ತದೆ. ಸೂಜಿ ಕೀಲಿನೊಳಗೇ ಇದೆಯೆಂಬ ನಂಬಿಕೆ ನನಗೆ ಬರುವುದು ಅದನ್ನು ಕಂಡಾಗ. ಕೀಲನ್ನು ತೊಳೆದ ಮೇಲೆ ಮೊಣಕೈ ಮಡಿಕೆಯಿಂದ ರಕ್ತ ತೆಗೆದು, ಅದು ಹೆಪ್ಪುಗಟ್ಟುವ ಮೊದಲೇ ಸುಮಾರು 2 ಮಿ.ಲೀ. ಕೀಲಿನ ಮೇಲ್ಭಾಗದ ಪೊಳ್ಳಿಗೆ, 1 ಮಿ.ಲೀ. ಚೀಲದ ಸುತ್ತ ಚುಚ್ಚುತ್ತೇವೆ. ಆ ದಿನ ಕೆಲವರಿಗೆ ಚುಚ್ಚಿದ ಕಡೆಯ ಹಲ್ಲುಗಳು ಸರಿಯಾಗಿ ಕೂಡುವುದಿಲ್ಲ. ಮರಗಟ್ಟಿಸುವ ಮದ್ದು ಹರಡಿ ಕೆಲವು ಗಂಟೆ ರೆಪ್ಪೆ ಮುಚ್ಚದೆ ಇರುವುದೂ ಉಂಟು. ಎರಡೂ ತಾವಾಗಿ ಸರಿಹೋಗುತ್ತವೆ, ಆದರೆ ಮೊದಲೇ ಹೇಳಿರದಿದ್ದರೆ ರೋಗಿ ಲಕ್ವ ಹೊಡೆಯಿತೆಂದು ಹೆದರುತ್ತಾರೆ.

ಇಷ್ಟಕ್ಕೆ ಒಂದು ಗಂಟೆಯೂ ಬೇಡ. ಮುಂದಿನ ವಾರಗಳೇ ನಿಜವಾದ ಚಿಕಿತ್ಸೆ. ಎಳೆಯ ನಾರುಗಟ್ಟನ್ನು ಒಂದೇ ಒಂದು ಪೂರ್ಣ ಆಕಳಿಕೆ ಹರಿದುಹಾಕಬಲ್ಲದು. ಆದ್ದರಿಂದ ನನ್ನ ರೋಗಿಗಳಿಗೆ ಮೊದಲ ವಾರ ಗಲ್ಲದಿಂದ ನೆತ್ತಿಯವರೆಗೆ ಎಲಾಸ್ಟಿಕ್ ಪಟ್ಟಿ ಕಟ್ಟುತ್ತೇನೆ. ಊಟಕ್ಕೆ ಗಂಜಿ, ರಾಗಿ ಅಂಬಲಿ, ಕಿವುಚಿದ ಅನ್ನ-ಸಾರು ಮಾತ್ರ. ಎರಡನೆಯ ವಾರದಿಂದ ಸಾರಿನಲ್ಲಿ ನೆನೆಸಿದ ಇಡ್ಲಿ, ಚಿಕ್ಕ ಚಿಕ್ಕ ತುತ್ತಿನ ಮುದ್ದೆ ಆಗಬಹುದು. ಪಾನಿಪುರಿ, ಕಬ್ಬು, ಚಕ್ಕುಲಿ, ಖಡಕ್ ರೊಟ್ಟಿ ಒಂದೂವರೆ ತಿಂಗಳು ಬೇಡ. ಆಕಳಿಕೆ ಬಂದಾಗ ಗಲ್ಲದ ಕೆಳಗೆ ಮುಷ್ಟಿ ಒತ್ತಿ, ನಾಲಿಗೆಯ ತುದಿಯನ್ನು ಅಂಗುಳಿಗೆ ಹಚ್ಚಿ ಹಿಡಿಯಬೇಕು. ಕೆಲವು ಶಸ್ತ್ರವೈದ್ಯರು ಇಷ್ಟು ದೀರ್ಘ ಪಥ್ಯ ಹೇಳುವುದಿಲ್ಲ. ನನ್ನದು ಅತಿ ಎಚ್ಚರಿಕೆ ಎಂದು ಹೇಳಿದವರೂ ಇದ್ದಾರೆ. ನಾನು ಅದನ್ನು ಸಡಿಲಿಸುವುದಿಲ್ಲ, ಏಕೆಂದರೆ ಬೇಗ ಬಿಟ್ಟುಬಿಟ್ಟವರೇ ಮತ್ತೆ ನನ್ನ ಕುರ್ಚಿಗೆ ಬರುವುದನ್ನು ಕಂಡಿದ್ದೇನೆ. ಹಾಗೆಂದು ಬಾಯಿಯನ್ನು ತಿಂಗಳುಗಟ್ಟಲೆ ಬಿಗಿದೇ ಇಡಬಾರದು. ಎರಡು ವಾರ ಕಳೆದ ಮೇಲೆ ವೈದ್ಯರು ಅಳೆದು ಹೇಳಿದಷ್ಟೇ ತೆರೆಯುವ ಅಭ್ಯಾಸ ಶುರುವಾಗಬೇಕು.

ಆದ್ದರಿಂದ ನಿಮಗೆ ನನ್ನ ಸಲಹೆ ಇದು: ಬೇಸಿಗೆ ರಜೆಯಲ್ಲಿ ಇನ್ನೊಮ್ಮೆ ರಕ್ತ ಚುಚ್ಚಿಸಿಕೊಳ್ಳಿ, ಈ ಬಾರಿ ಪಥ್ಯ ಪೂರ್ತಿ ಮಾಡಿ. ಎರಡನೆಯ ಸಲ ಬೇಕಾಗುವುದು ಅಪರೂಪವೇನಲ್ಲ. ಅದಕ್ಕೂ ಮೊದಲು ಇಡೀ ದವಡೆಯನ್ನು ಒಂದೇ ಚಿತ್ರದಲ್ಲಿ ತೋರಿಸುವ ಒಪಿಜಿ ಎಕ್ಸ್‌-ರೇ ನೋಡಿರಬೇಕು. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್ ಅಥವಾ ಮಾನಸಿಕ ಕಾಯಿಲೆಯ ಕೆಲವು ಮಾತ್ರೆಗಳಿಂದ ಸ್ನಾಯು ಸೆಟೆದು ದವಡೆ ಜಾರುತ್ತಿದೆಯೇ ಎಂದೂ ವಿಚಾರಿಸಿರಬೇಕು. ಮಾತ್ರೆ ಕಾರಣವಾಗಿದ್ದರೆ ಅದನ್ನು ಬರೆದುಕೊಟ್ಟ ವೈದ್ಯರೊಡನೆ ಮಾತಾಡದೆ ಕೀಲಿಗೆ ಏನು ಚುಚ್ಚಿದರೂ ವ್ಯರ್ಥ. ಮೂಳೆಯ ಉಬ್ಬನ್ನೇ ತೆಗೆಯುವ, 1951ರಲ್ಲಿ ಮಿರ್‌ಹೌಗ್ ವಿವರಿಸಿದ ಶಸ್ತ್ರಚಿಕಿತ್ಸೆ ಒಳ್ಳೆಯದೇ. ಆದರೆ ಮುಖದ ನರದ ಪಕ್ಕದಲ್ಲಿ ಕತ್ತಿ ಆಡಿಸುವ ಮೊದಲು ಸೂಜಿಗೆ ನ್ಯಾಯವಾದ ಅವಕಾಶ ಸಿಗಬೇಕು. ಬೆಳೆಯುವ ಮಕ್ಕಳಿಗೆ ಮಾತ್ರ ನಾನು ರಕ್ತ ಚುಚ್ಚುವುದಿಲ್ಲ. ಅವರ ಕೀಲು ಬಿಗಿದುಕೊಂಡರೆ ಮುಖದ ಬೆಳವಣಿಗೆಯೇ ಕುಂಠಿತವಾದೀತೆಂಬ ಭಯ ನನಗಿದೆ.

ಪ್ರಶ್ನೆ: ಜಾರಿದ ದವಡೆಗೆ ಕೆನ್ನೆಗೆ ಬಾರಿಸಿದರೆ ತಾನಾಗಿ ಕೂರುತ್ತದೆ ಎನ್ನುತ್ತಾರೆ. ನಮ್ಮೂರಿನ ನಾಟಿ ವೈದ್ಯರು ಹಾಗೇ ಮಾಡುತ್ತಾರೆ.

ಉತ್ತರ: ಹಾಗೆ ಹೊಡೆಸಿಕೊಂಡು ಬಂದ ಒಬ್ಬ ಅಜ್ಜಿಯನ್ನು ನೋಡಿದ್ದೇನೆ. ಜೊಲ್ಲಿಗೆ ಒದ್ದೆಯಾದ ಟವೆಲ್ಲನ್ನು ಗಲ್ಲಕ್ಕೆ ಹಿಡಿದು ಕೂತಿದ್ದರು. ಎರಡೂ ಕಿವಿಗಳ ಮುಂದೆ ಬೆರಳು ಹೋಗುವಷ್ಟು ಗುಳಿ ಬಿದ್ದಿತ್ತು. ಜಾರಿದ್ದ ಕೀಲಿನ ಜೊತೆಗೆ ದವಡೆಯ ಮೂಳೆಯೂ ಮುರಿದಿತ್ತು. ಹಿಂದಿನ ಕೆಳಹಲ್ಲುಗಳ ಮೇಲೆ ಹೆಬ್ಬೆರಳಿಟ್ಟು ಮೊದಲು ಕೆಳಕ್ಕೆ, ಆಮೇಲೆ ಹಿಂದಕ್ಕೆ ಒತ್ತುವ ಕ್ರಮ ಹಿಪಾಕ್ರಟಿಸನ ಕಾಲದಿಂದಲೂ ಗೊತ್ತಿರುವಾಗ ಮುದುಕಿಯ ಕೆನ್ನೆಗೆ ಹೊಡೆಯುವುದು ವೈದ್ಯವಲ್ಲ, ಅಪರಾಧ.

ಪ್ರಶ್ನೆ: ಬಾಯಿ ತೆರೆದಾಗ ಕಿವಿಯ ಹತ್ತಿರ ‘ಟಕ್’ ಎನ್ನುತ್ತದೆ, ನೋವಿಲ್ಲ. ರಕ್ತ ಚುಚ್ಚಿಸಲೇ?

ಉತ್ತರ: ಬೇಡ.

ಪ್ರಶ್ನೆ: ಜಾರುವ ದವಡೆಗೆ ಸ್ನಾಯು ಸಡಿಲಿಸುವ ಬೊಟಾಕ್ಸ್ ಇಂಜೆಕ್ಷನ್ ಉತ್ತಮವೇ?

ಉತ್ತರ: ಪಾರ್ಕಿನ್ಸನ್‌ನಂಥ ನರರೋಗದಿಂದ ಸ್ನಾಯು ಹಿಡಿತ ತಪ್ಪಿದವರಿಗೆ ಉತ್ತಮ, ಪರಿಣಾಮ ಮೂರ್ನಾಲ್ಕು ತಿಂಗಳಷ್ಟೇ. ಉಳಿದವರಿಗೆ ಅದನ್ನು ಮೊದಲ ಆಯ್ಕೆಯೆಂದು ನಾನು ಹೇಳುವುದಿಲ್ಲ.

ಪ್ರಶ್ನೆ: ದವಡೆ ಜಾರುವ ಅಭ್ಯಾಸವಿದೆ, ರೂಟ್ ಕೆನಾಲ್ ಮಾಡಿಸಬೇಕಿದೆ. ಮಾಡಿಸಬಹುದೇ?

ಉತ್ತರ: ಮಾಡಿಸಿ, ಆದರೆ ಕುರ್ಚಿಯಲ್ಲಿ ಕೂರುವ ಮೊದಲೇ ದಂತವೈದ್ಯರಿಗೆ ಹೇಳಿ. ಕೆಲಸವನ್ನು ಚಿಕ್ಕ ಚಿಕ್ಕ ಭೇಟಿಗಳಾಗಿ ಹಂಚಿ, ನಡುನಡುವೆ ಬಾಯಿ ಮುಚ್ಚಲು ಬಿಡುವಂತೆ ಕೇಳಿಕೊಳ್ಳಿ. ಮುಂದೆಂದಾದರೂ ಪೂರ್ಣ ಅರಿವಳಿಕೆ ಪಡೆಯಬೇಕಾದರೆ ಅರಿವಳಿಕೆ ವೈದ್ಯರಿಗೂ ಇದೇ ಮಾತನ್ನು ಹೇಳಿ. ಉಸಿರಾಟದ ಕೊಳವೆ ಇಳಿಸುವಾಗ ಅವರು ನಿಮ್ಮ ದವಡೆಯನ್ನು ಎತ್ತಿ ಹಿಡಿಯಬೇಕಾಗುತ್ತದೆ.