ಬರೆದದ್ದು ಅಳಿಸಲ್ಲ, ಸರಿ. ಬರೆಯೋರು ಯಾರು?

ಸರ್ಕಾರಗಳೆಲ್ಲ ಬ್ಲಾಕ್‌ಚೈನ್ (ಹಲವರ ಹತ್ತಿರ ಪ್ರತಿ ಇರೋ, ಬರೆದದ್ದನ್ನು ಆಮೇಲೆ ಗುಟ್ಟಾಗಿ ತಿದ್ದಲಾಗದ ಡಿಜಿಟಲ್ ಲೆಕ್ಕಪುಸ್ತಕ) ಹಿಂದೆ ಬಿದ್ದಿವೆಯಲ್ಲ, ಆ ಬಗ್ಗೆ ಈ ಸಲ ಜಾಸ್ತಿ ಪ್ರಶ್ನೆಗಳು ಬಂದಿವೆ. ಒಂದೇ ಥರದವನ್ನು ಸೇರಿಸಿ ಒಂದು ಮಾಡಿದ್ದೇನೆ. ಬಿಟ್‌ಕಾಯಿನ್ ಕೊಳ್ಳಲಾ ಬೇಡವಾ ಅಂತ ಕೇಳಿದವರಿಗೆ ಇಲ್ಲಿ ಉತ್ತರ ಇಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಭೂದಾಖಲೆಗಳನ್ನು ಬ್ಲಾಕ್‌ಚೈನ್‌ಗೆ ಹಾಕಿಬಿಟ್ಟರೆ ನಕಲಿ ಪತ್ರಗಳ ಕಾಟವೇ ಇರಲ್ಲ ಅಂತಾರೆ. ನಿಜವಾ?

ಅರ್ಧ ನಿಜ. ಆ ಅರ್ಧ ಯಾವುದು ಅಂತ ಮೊದಲು ನೋಡೋಣ.

ಒಂದು ಜಮೀನಿನ ದಾಖಲೆ ಇದೆ ಅಂದುಕೊಳ್ಳಿ. ಅದನ್ನು ಎಸ್‌ಎಚ್‌ಎ-256 ಅನ್ನೋ ಲೆಕ್ಕಕ್ಕೆ ಕೊಟ್ಟರೆ 64 ಅಕ್ಷರ-ಅಂಕಿಗಳ ಒಂದು ಸಾಲು ಬರುತ್ತದೆ. ಇದೇ ಹ್ಯಾಶ್, ದಾಖಲೆಯ ಬೆರಳಚ್ಚು ಇದ್ದ ಹಾಗೆ. ವಿಸ್ತೀರ್ಣದ ಜಾಗದಲ್ಲಿ 12 ಅಂತ ಇದ್ದದ್ದನ್ನು ಯಾರೋ ರಾತ್ರೋರಾತ್ರಿ 21 ಮಾಡಿದರು ಅನ್ನಿ, ಬದಲಾಗಿದ್ದು ಎರಡೇ ಅಂಕಿ, ಆದರೆ ಹ್ಯಾಶ್ ಪೂರ್ತಿ ಬೇರೆಯದೇ ಬರುತ್ತದೆ. ಇಂಥ ನಮೂದುಗಳ ಒಂದೊಂದು ಕಂತೆಗೆ ಬ್ಲಾಕ್ ಅಂತಾರೆ. ಪ್ರತಿ ಬ್ಲಾಕ್‌ನಲ್ಲೂ ಅದರ ಹಿಂದಿನ ಬ್ಲಾಕ್‌ನ ಹ್ಯಾಶ್ ಇರುತ್ತದೆ, ಹಾಗಾಗಿ ನಡುವೆ ಕೈ ಹಾಕಿದವನು ಅಲ್ಲಿಂದ ಮುಂದಿನದ್ದನ್ನೆಲ್ಲ ತಿದ್ದುತ್ತಾ ಹೋಗಬೇಕು, ಅದೂ ಬೇರೆ ಬೇರೆಯವರ ಹತ್ತಿರ ಇರೋ ಪ್ರತಿಗಳಲ್ಲೆಲ್ಲ. ಸಿಕ್ಕಿಬೀಳದೇ ಇರೋದು ಕಷ್ಟ.

ಇನ್ನು ಉಳಿದ ಅರ್ಧ. ಮೊದಲ ದಿನವೇ ಲಂಚ ತಿಂದು 21 ಅಂತ ಬರೆದಿದ್ದರೆ? ಆ 21ನ್ನೂ ಬ್ಲಾಕ್‌ಚೈನ್ ಅಷ್ಟೇ ನಿಷ್ಠೆಯಿಂದ ಕಾಪಾಡುತ್ತದೆ. ಬರೆದಾದ ಮೇಲೆ ಕಾಯೋದಷ್ಟೇ ಅದರ ಕೆಲಸ. ಬರೆದದ್ದು ನಿಜವಾ ಸುಳ್ಳಾ ಅಂತ ನೋಡೋದು ಅದರ ಕೈಲಿ ಆಗಲ್ಲ.

ಜಾರ್ಜಿಯಾ ದೇಶ 2016ರಲ್ಲಿ ಬಿಟ್‌ಫ್ಯೂರಿ ಕಂಪನಿ ಜೊತೆ ಸೇರಿ ಭೂದಾಖಲೆಗೆ ಬ್ಲಾಕ್‌ಚೈನ್ ಜೋಡಿಸಿತು, ಅದು ನಡೆಯಿತು. ಯಾಕೆ ಅಂದರೆ ಅವರ ನೋಂದಣಿ ಇಲಾಖೆ ಅದಕ್ಕೂ ಎಷ್ಟೋ ಮೊದಲೇ ಲಂಚಕ್ಕೆ ಕಡಿವಾಣ ಹಾಕಿ, ದಾಖಲೆಗಳನ್ನು ಕಂಪ್ಯೂಟರ್‌ಗೆ ಹಾಕಿ ಒಪ್ಪ ಮಾಡಿಕೊಂಡಿತ್ತು. ದಾಖಲೆಗಳು ಇಲಾಖೆಯ ಹತ್ತಿರವೇ ಉಳಿದವು, ಬ್ಲಾಕ್‌ಚೈನ್‌ಗೆ ಹೋಗಿದ್ದು ಹ್ಯಾಶ್ ಮಾತ್ರ. ಹೊಂಡುರಾಸ್ ಕೂಡ 2015ರಲ್ಲಿ ಇಂಥದ್ದೇ ಯೋಜನೆ ಮಾಡಹೊರಟಿತ್ತು, ಸುದ್ದಿಯೂ ಜೋರಾಗಿಯೇ ಆಯಿತು. ಅಲ್ಲಿ ಜಮೀನಿನ ದಾಖಲೆಗಳೇ ಗೋಜಲು. ಯೋಜನೆ ಅಲ್ಲೇ ನಿಂತುಹೋಯಿತು. ಹಾಗಾಗಿ ಬ್ಲಾಕ್‌ಚೈನ್ ತರುತ್ತೇವೆ ಅಂತ ಯಾವ ಸರ್ಕಾರ ಹೇಳಿದರೂ ನಾನು ಮೊದಲು ನೋಡೋದು ಅದರ ಈಗಿನ ದಾಖಲೆಗಳು ಹೇಗಿವೆ ಅಂತ.

ಪ್ರಶ್ನೆ: ಎಸ್ಟೋನಿಯಾ ತನ್ನ ಇಡೀ ಆಡಳಿತವನ್ನೇ ಬ್ಲಾಕ್‌ಚೈನ್ ಮೇಲೆ ನಡೆಸುತ್ತದಂತೆ. ಜನರ ಆರೋಗ್ಯದ ವಿವರ ಕೂಡ ಅದರಲ್ಲಿದೆಯಾ?

ಇಲ್ಲ. ಭಾಷಣ ಮಾಡೋರು ಇದನ್ನು ಸ್ವಲ್ಪ ಉಬ್ಬಿಸಿಯೇ ಹೇಳುತ್ತಾರೆ. 2007ರಲ್ಲಿ ಎಸ್ಟೋನಿಯಾದ ಮೇಲೆ ದೊಡ್ಡ ಸೈಬರ್ ದಾಳಿ ಆಯಿತು. ದಾಖಲೆಗಳನ್ನು ಒಳಗಿನವರೇ ತಿದ್ದಿದರೂ ಗೊತ್ತಾಗಬೇಕು ಅನ್ನೋ ಯೋಚನೆ ಅದರ ನಂತರ ಬಲವಾಯಿತು. ಗಾರ್ಡ್‌ಟೈಮ್ ಕಂಪನಿಯ ಕೆಎಸ್‌ಐ ಅನ್ನೋ ವ್ಯವಸ್ಥೆಯನ್ನು 2012ರಿಂದ ಸರ್ಕಾರದ ಕೆಲವು ದಾಖಲೆಗಳಿಗೆ ಬಳಸುತ್ತಿದ್ದಾರೆ. ಅಲ್ಲೂ ಅಷ್ಟೇ, ವಿವರ ಆಯಾ ಇಲಾಖೆಯಲ್ಲಿ, ಹ್ಯಾಶ್ ಮಾತ್ರ ಸರಪಳಿಯಲ್ಲಿ. ಆರೋಗ್ಯದ ವಿವರವನ್ನು ಅಳಿಸಲಾಗದ ಜಾಗದಲ್ಲಿ ನೇರವಾಗಿ ಇಟ್ಟರೆ ಏನಾಗುತ್ತದೆ ಯೋಚಿಸಿ. ನನ್ನ ಮಾಹಿತಿ ಅಳಿಸಿ ಅಂತ ಕೇಳುವ ಹಕ್ಕನ್ನು ಯುರೋಪಿನ ಕಾನೂನು ಜನರಿಗೆ ಕೊಟ್ಟಿದೆ. ಅಳಿಸೋದೇ ಆಗಲ್ಲ ಅಂದರೆ ಆ ಹಕ್ಕಿಗೆ ಏನರ್ಥ?

ಇನ್ನೊಂದು ತಮಾಷೆ ಕೇಳಿ. ಹ್ಯಾಶ್‌ಗಳನ್ನು ಸರಪಳಿಯಾಗಿ ಜೋಡಿಸುವ ಈ ಉಪಾಯ ಬಿಟ್‌ಕಾಯಿನ್‌ಗಿಂತ ಹಳೆಯದು. ಸ್ಟುವರ್ಟ್ ಹೇಬರ್ ಮತ್ತು ಸ್ಕಾಟ್ ಸ್ಟಾರ್ನೆಟ್ಟಾ ಇಬ್ಬರೂ 1991ರಲ್ಲೇ ಇದನ್ನು ಬರೆದಿದ್ದರು. ಅವರ ಕಂಪನಿ 1995ರಿಂದ ಹ್ಯಾಶ್ ಅನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಚಿಕ್ಕ ಜಾಹೀರಾತುಗಳ ನಡುವೆ ಅಚ್ಚು ಹಾಕಿಸುತ್ತಿತ್ತು. ಮನೆಮನೆಗೆ ಹೋದ ಪೇಪರನ್ನು ಯಾರು ತಿದ್ದಲಿಕ್ಕಾಗುತ್ತೆ, ಹೇಳಿ! ಮುದ್ರಣದ ಪತ್ರಿಕೆಯಲ್ಲಿ ದುಡಿಯುವ ನನಗೆ ಈ ಕಥೆ ಕೇಳಿದಾಗೆಲ್ಲ ಸುಮ್ನೆ ಒಂದು ಖುಷಿ.

ಪ್ರಶ್ನೆ: ಮಗಳ ಜನನ ಪ್ರಮಾಣಪತ್ರದಲ್ಲಿ ಹೆಸರು ತಪ್ಪಾಗಿ ಬಿದ್ದರೆ? ಶಾಶ್ವತವಾಗಿ ಹಾಗೇ ಇರುತ್ತದಾ?

ಹಳೆಯ ನಮೂದು ಉಳಿಯುತ್ತದೆ, ಅದರ ಮೇಲೆ ತಿದ್ದುಪಡಿಯ ಹೊಸ ನಮೂದು ಸೇರುತ್ತದೆ. ಯಾರು, ಯಾವಾಗ ತಿದ್ದಿದರು ಅನ್ನೋದೂ ಗೊತ್ತಾಗುತ್ತದೆ. ಇದು ಒಳ್ಳೆಯದೇ. ಆದರೆ ತಿದ್ದುವ ಅಧಿಕಾರಿ, ಅರ್ಜಿ, ಮೇಲ್ಮನವಿ ಎಲ್ಲ ಮೊದಲಿನಂತೆ ಇರಲೇಬೇಕು. 'ಸಿಸ್ಟಮ್‌ನಲ್ಲಿ ಆಗಲ್ಲ' ಅಂತ ಕೈ ಚೆಲ್ಲುವ ಗುಮಾಸ್ತರಿಗೆ ಇದು ಹೊಸ ನೆಪ ಆಗಬಾರದು, ಅಷ್ಟೇ.

ಪ್ರಶ್ನೆ: ಎಲ್ ಸಾಲ್ವಡಾರ್ ಬಿಟ್‌ಕಾಯಿನ್ ಅನ್ನೇ ದೇಶದ ಹಣ ಮಾಡಿತ್ತಲ್ಲ, ಏನಾಯಿತು?

2021ರ ಸೆಪ್ಟೆಂಬರ್ 7ರಂದು ಕಾನೂನು ಜಾರಿಗೆ ಬಂತು. ಚಿವೋ ಅನ್ನೋ ಸರ್ಕಾರಿ ವಾಲೆಟ್ (ಹಣ ಇಡೋ ಫೋನ್ ಆ್ಯಪ್) ಹಾಕಿಕೊಂಡವರಿಗೆ 30 ಡಾಲರ್ ಬೆಲೆಯ ಬಿಟ್‌ಕಾಯಿನ್ ಉಚಿತ. ಜನ ಆ 30 ಡಾಲರ್ ಖರ್ಚು ಮಾಡಿದರು, ಬಹಳಷ್ಟು ಮಂದಿ ಆಮೇಲೆ ಆ್ಯಪ್ ಕಡೆ ತಿರುಗಿಯೂ ನೋಡಲಿಲ್ಲ. ಬೆಳಿಗ್ಗೆ ಒಂದು ಬೆಲೆ, ಸಂಜೆಗೆ ಇನ್ನೊಂದು ಅಂತಾದರೆ ಸಂಬಳ, ಬಾಡಿಗೆ ಲೆಕ್ಕ ಹಾಕೋದು ಹೇಗೆ? ಕೊನೆಗೆ ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಜೊತೆ 1.4 ಬಿಲಿಯನ್ ಡಾಲರ್ ಸಾಲದ ಮಾತು ಬಂದಾಗ, 2025ರ ಜನವರಿಯಲ್ಲಿ ಕಾನೂನನ್ನೇ ಬದಲಾಯಿಸಿ, ಬಿಟ್‌ಕಾಯಿನ್ ತೆಗೆದುಕೊಳ್ಳೋದು ಕಡ್ಡಾಯ ಅಲ್ಲ ಅಂದರು.

ಇದನ್ನು ಬಹಾಮಾಸ್ 2020ರಲ್ಲಿ ತಂದ ಸ್ಯಾಂಡ್ ಡಾಲರ್ ಜೊತೆ ಕಲಸಬೇಡಿ. ಅದು ಕೇಂದ್ರ ಬ್ಯಾಂಕೇ ಹೊರಡಿಸಿದ ಹಣ, ನೋಟಿನ ಡಿಜಿಟಲ್ ರೂಪ, ಬೆಲೆ ಏರಿಳಿಯಲ್ಲ. ಅಂಥದ್ದರ ಬಗ್ಗೆ ಕೇಳಬೇಕಾದ ಪ್ರಶ್ನೆ ಬೇರೆ. ನನ್ನ ಖರ್ಚಿನ ಲೆಕ್ಕ ಯಾರ ಕಣ್ಣಿಗೆಲ್ಲ ಬೀಳುತ್ತದೆ?

ಪ್ರಶ್ನೆ: ಬ್ಲಾಕ್‌ಚೈನ್‌ಗೆ ವಿಪರೀತ ಕರೆಂಟ್ ಬೇಕಲ್ವಾ?

ಬಿಟ್‌ಕಾಯಿನ್ ಗಣಿಗಾರಿಕೆಗೆ, ಅಂದರೆ ಹೊಸ ಬ್ಲಾಕ್ ಸೇರಿಸೋಕೆ ಕಂಪ್ಯೂಟರ್‌ಗಳು ಪೈಪೋಟಿಯಲ್ಲಿ ಲೆಕ್ಕ ಮಾಡೋದಕ್ಕೆ, ಬೇಕು. ಸರ್ಕಾರಗಳು ಬಳಸೋದು ಬಹುಪಾಲು ಗೊತ್ತಿರುವ ಸಂಸ್ಥೆಗಳಷ್ಟೇ ಬರೆಯುವ ಖಾಸಗಿ ಜಾಲ, ಅಲ್ಲಿ ಗಣಿಗಾರಿಕೆ ಇಲ್ಲ. ಚಿಂತೆ ಬೇಡ.

ಪ್ರಶ್ನೆ: ಹಾಗಾದರೆ ಯಾವಾಗ ಬೇಕು, ಯಾವಾಗ ಬೇಡ?

ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮ 2017ರಲ್ಲಿ ಜೋರ್ಡಾನ್‌ನ ಅಜ್ರಾಕ್ ನಿರಾಶ್ರಿತರ ಶಿಬಿರದಲ್ಲಿ ಬ್ಲಾಕ್‌ಚೈನ್ ತಂದಿತು. ಅಂಗಡಿಯಲ್ಲಿ ಸಾಮಾನು ಆಯ್ದು ಕಣ್ಣು ತೋರಿಸಿದರೆ ಸಾಕು, ಕಣ್ಣಿನ ಪಾಪೆ ಸ್ಕ್ಯಾನ್ ಆಗಿ ನೆರವಿನ ಲೆಕ್ಕದಿಂದ ಹಣ ಕಳೆಯುತ್ತಿತ್ತು. ಬ್ಯಾಂಕ್ ಶುಲ್ಕ ಉಳಿಯಿತು, ಕೆಲಸವೂ ಸಲೀಸಾಯಿತು. ಆದರೆ ಆರಂಭದಲ್ಲಿ ಆ ಜಾಲವನ್ನು ನಡೆಸುತ್ತಿದ್ದದ್ದು ಒಂದೇ ಸಂಸ್ಥೆ. ಬರೆಯೋರೂ ಅವರೇ, ಕಾಯೋರೂ ಅವರೇ ಅಂದಮೇಲೆ ಮಾಮೂಲಿ ಡೇಟಾಬೇಸ್ ಸಾಕಿತ್ತಲ್ವಾ ಅಂತ ತಜ್ಞರು ಕೇಳಿದರು. ನ್ಯಾಯವಾದ ಪ್ರಶ್ನೆ. ಮುಂದೆ ಬೇರೆ ಸಂಸ್ಥೆಗಳೂ ಸೇರಿಕೊಂಡ ಮೇಲೆ, ಒಂದೇ ಕುಟುಂಬಕ್ಕೆ ಯಾರು ಯಾವ ನೆರವು ಕೊಟ್ಟಿದ್ದಾರೆ ಅಂತ ಎಲ್ಲರೂ ನೋಡುವ ಹಾಗಾಯಿತು, ಆಗ ಅದಕ್ಕೊಂದು ಅರ್ಥ ಬಂತು.

ಒಬ್ಬರನ್ನೊಬ್ಬರು ಪೂರ್ತಿ ನಂಬದ ನಾಲ್ಕಾರು ಇಲಾಖೆಗಳೋ ದೇಶಗಳೋ ಒಂದೇ ಲೆಕ್ಕಪುಸ್ತಕದಲ್ಲಿ ಬರೆಯಬೇಕು ಅಂದರೆ ಬ್ಲಾಕ್‌ಚೈನ್ ತನ್ನಿ. ಒಂದೇ ಇಲಾಖೆ, ಒಂದೇ ಸರ್ವರ್ ಆದರೆ ಬೇಡ. ಹೊರಗಿನವರ ಹತ್ತಿರ ಒಂದು ಪ್ರತಿಯಾದರೂ ಇಲ್ಲದ 'ಸರ್ಕಾರಿ ಬ್ಲಾಕ್‌ಚೈನ್' ಕಂಡರೆ, ಟೆಂಡರ್ ಯಾರಿಗೆ ಹೋಗಿದೆ ಅಂತ ಒಮ್ಮೆ ನೋಡಿ.